ಇಳಕಲ್ ಸೀರೆಯ ನಮ್ಮ ಆನ್‌ಲೈನ್ ಅಂಗಡಿಯನ್ನು ಸರಿ ಮಾಡಿಕೊಂಡ ಬಗೆ

ಇಳಕಲ್‌ನಲ್ಲಿ ನಮ್ಮದು ಸೀರೆ ವ್ಯಾಪಾರ. ಪೇಟೆಯ ಅಂಗಡಿಯನ್ನು ಮಾವ ನೋಡಿಕೊಳ್ಳುತ್ತಾರೆ. ಆನ್‌ಲೈನ್ ವ್ಯಾಪಾರ ನನ್ನ ಪಾಲಿಗೆ ಬಂದಿದೆ. ವೆಬ್‌ಸೈಟ್ ಕೆಲವು ವರ್ಷಗಳಿಂದ ಇತ್ತು. ಜನ ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಕೊಳ್ಳುವವರು ಮಾತ್ರ ಬಹಳ ಕಡಿಮೆ. ಈ ಸಲ ಯುಗಾದಿ ಮುಗಿದ ಮೇಲೆ ಅದನ್ನು ಪೂರ್ತಿ ಸರಿ ಮಾಡಲು ಕೈ ಹಾಕಿದೆವು. ಈಗ ದೀಪಾವಳಿಯೂ ಮುಗಿಯಿತು, ಕೆಲಸವೂ ಒಂದು ಹದಕ್ಕೆ ಬಂತು. ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ರಬಕವಿ-ಬನಹಟ್ಟಿಯ ಸೀರೆ ಹೀಗೆ ಏನನ್ನಾದರೂ ಆನ್‌ಲೈನ್‌ನಲ್ಲಿ ಮಾರುತ್ತಿರುವವರು ನಮ್ಮ ಹಾಗೆ ಅಲೆದಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮಾರಾಟ ಕಡಿಮೆ ಅಂದ ಕೂಡಲೇ ಎಲ್ಲರೂ ಹೇಳಿದ್ದು ಒಂದೇ ಮಾತು: ಜಾಹೀರಾತಿಗೆ ದುಡ್ಡು ಹಾಕಿ. ಹಾಕುವ ಮೊದಲು ಸೈಟಿನ ಲೆಕ್ಕ ತೆಗೆದು ನೋಡಿದೆ. ಬರುವವರಲ್ಲಿ ಹೆಚ್ಚಿನವರು ಮೊಬೈಲ್‌ನಿಂದ ಬರುತ್ತಿದ್ದರು. ಸೀರೆ ಆರಿಸಿ ಕಾರ್ಟ್‌ಗೆ ಹಾಕುವವರೂ ಇದ್ದರು. ದುಡ್ಡು ಕಟ್ಟುವ ಹೊತ್ತಿಗೆ ಮಾಯವಾಗುತ್ತಿದ್ದರು. ಇದು ನಮ್ಮೊಬ್ಬರ ಕಥೆಯಲ್ಲ. ಆನ್‌ಲೈನ್ ಕೊಳ್ಳುವಿಕೆಯನ್ನು ಅಧ್ಯಯನ ಮಾಡುವ ಬೇಮಾರ್ಡ್ ಇನ್‌ಸ್ಟಿಟ್ಯೂಟ್‌ನ ಲೆಕ್ಕದಲ್ಲಿ ಕಾರ್ಟ್‌ಗೆ ಹಾಕಿದ ನೂರು ಜನರಲ್ಲಿ ಸುಮಾರು 70 ಜನ ಕೊಳ್ಳದೇ ಹೋಗುತ್ತಾರೆ. ಅಂದಮೇಲೆ ಇನ್ನಷ್ಟು ಜನರನ್ನು ಕರೆತರುವ ಮೊದಲು, ಬಂದವರು ಯಾಕೆ ಹೋಗುತ್ತಾರೆ ಅಂತ ತಿಳಿಯಬೇಕಿತ್ತು, ಅಲ್ವಾ?

ಅದಕ್ಕೆ ಮಾಡಿದ ಕೆಲಸ ಬಹಳ ಸುಲಭದ್ದು, ಖರ್ಚೂ ಇಲ್ಲ. ಗೊತ್ತಿದ್ದ ಕೆಲವರನ್ನು ಒಬ್ಬೊಬ್ಬರಾಗಿ ಕೂರಿಸಿ, ಅವರದೇ ಮೊಬೈಲ್‌ನಲ್ಲಿ ನಮ್ಮ ಸೈಟ್ ತೆಗೆಸಿ, "ನಿಮಗೆ ಬೇಕಾದ ಒಂದು ಸೀರೆ ಕೊಳ್ಳಿ" ಅಂತ ಹೇಳಿ ಪಕ್ಕದಲ್ಲಿ ಸುಮ್ನೆ ಕೂತೆ. ವೆಬ್‌ಸೈಟ್ ಬಳಸುವುದು ಎಷ್ಟು ಸುಲಭ ಅಂತ ಪರೀಕ್ಷಿಸುವುದರಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು: ಐದು ಜನರನ್ನು ಹೀಗೆ ಗಮನಿಸಿದರೆ ಸಾಕು, ಹೆಚ್ಚಿನ ತೊಡಕುಗಳು ಕಾಣುತ್ತವೆ ಅಂತ. ಆ ಮಾತು ನೂರಕ್ಕೆ ನೂರು ನಿಜ. ಆದರೆ ಒಂದು ನಿಯಮ ಪಾಲಿಸಲೇಬೇಕು. ಅವರು ತಡವರಿಸುವಾಗ "ಅಲ್ಲಿ ಒತ್ತಿ, ಇಲ್ಲಿ ಒತ್ತಿ" ಅಂತ ನಾವು ಬಾಯಿ ಹಾಕಬಾರದು. ಕೈ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು.

ಮೊದಲು ಕೂತವರು ಪಕ್ಕದ ಮನೆಯ ಅಕ್ಕ. ಒಂದು ಸೀರೆಯ ಫೋಟೋ ತೆಗೆದು, ಮೇಲೆ ಕೆಳಗೆ ಸರಿಸಿ, ನನ್ನ ಮುಖ ನೋಡಿದರು.

"ಅಲ್ಲವ್ವಾ, ಸೀರಿ ಛಲೋ ಐತಿ. ಸೆರಗು ಎಲ್ಲೈತಿ? ಸೆರಗು ನೋಡದ ಯಾರ್ ಸೀರಿ ತಗೋತಾರ?"

ಸೆರಗಿನ ಫೋಟೋ ಇತ್ತು. ಆದರೆ ಸಾಲಿನಲ್ಲಿ ಎಲ್ಲಕ್ಕಿಂತ ಕೊನೆಗೆ. ಇಳಕಲ್ ಸೀರೆಯ ಗುರುತೇ ಟೋಪ್ ತೆನಿ ಸೆರಗು. ಒಡಲಿನ ಹಾಸಿನ (ಉದ್ದಕ್ಕೆ ಹಾಯುವ) ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಕುಣಿಕೆ ಹಾಕಿ ಕೂಡಿಸಿ ನೇಯುವ ಈ ಬಗೆಗೆ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಸೀರೆಗೆ, ಸೆರಗಿಗಿಂತ ಮುಖ್ಯವಾದದ್ದು ಏನಿದೆ? ಸೈಟ್ ಕಟ್ಟಿದವರು ಸೀರೆ ಕೊಳ್ಳುವವರಲ್ಲ. ಹಾಗಾಗಿ ಮಡಚಿಟ್ಟ ಸೀರೆಯ ಚಂದದ ಫೋಟೋ ಮೊದಲು ಬಂದಿತ್ತು.

ಹುನಗುಂದದಿಂದ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಸರಸರ ಎಲ್ಲ ದಾಟಿ ದುಡ್ಡು ಕಟ್ಟುವ ಪುಟಕ್ಕೆ ಹೋದಳು. ಅಲ್ಲಿ ನಿಂತುಬಿಟ್ಟಳು. ಖಾತೆ ತೆರೆಯಿರಿ, ಪಾಸ್‌ವರ್ಡ್ ಇಡಿ, ಇಮೇಲ್‌ಗೆ ಬಂದ ಲಿಂಕ್ ಒತ್ತಿ ಅಂತ ಕೇಳುತ್ತಿತ್ತು. "ಒಂದು ಸೀರಿ ತಗೊಳ್ಳಾಕ ಇಷ್ಟೆಲ್ಲಾ ಯಾಕ್ರೀ?" ಅಂದಳು. ಸೊಲ್ಲಾಪುರದ ನಮ್ಮ ನಾದಿನಿಗೆ ಇಮೇಲೇ ಇಲ್ಲ. ಅವಳು ಅಲ್ಲಿಗೇ ಬಿಟ್ಟಳು. ಅತ್ತೆಯವರಿಗೆ ಬೂದು ಬಣ್ಣದ ಸಣ್ಣ ಅಕ್ಷರ ಓದಲಾಗಲಿಲ್ಲ. ಇನ್ನೊಬ್ಬರಿಗೆ ಸಾಗಾಣಿಕೆ ಖರ್ಚು ಕೊನೆಯ ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಕಾಣಿಸಿಕೊಂಡು ಸಿಟ್ಟು ಬಂತು. ಬೇಮಾರ್ಡ್ ಹೇಳುವ ಮೊದಲ ಕಾರಣವೂ ಇದೇ: ಕೊನೆಯಲ್ಲಿ ಏರುವ ಖರ್ಚು.

ಉದ್ದದ ವಿಷಯವೂ ಹಾಗೇ. ನಮ್ಮ ಕಡೆ ಹಿರಿಯರು ಸೀರೆಯನ್ನು ಮೊಳದಲ್ಲಿ ಲೆಕ್ಕ ಹಾಕುತ್ತಾರೆ. ಪುಣೆಯವರು ಒಂಬತ್ತು ಗಜ ಕೇಳುತ್ತಾರೆ. ಬೆಂಗಳೂರಿನ ಹುಡುಗಿಯರಿಗೆ ಆರು ಗಜ. ಸೈಟಿನಲ್ಲಿ ಇದ್ದದ್ದು ಬರೀ ಮೀಟರ್. ಈಗ ಪ್ರತಿ ಸೀರೆಯ ಕೆಳಗೂ "6 ಗಜ, ಅಂದರೆ 12 ಮೊಳ, ಸುಮಾರು 5.5 ಮೀಟರ್" ಅಂತ ಇದೆ. ಎಂಟು ಗಜಕ್ಕೆ 16 ಮೊಳ, ಒಂಬತ್ತಕ್ಕೆ 18. ಜೊತೆಗೆ ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ, ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಮುಚ್ಚುಮರೆ ಇಲ್ಲದೆ ಬರೆಯುತ್ತೇವೆ. ಕೈಮಗ್ಗದ ಸೀರೆಗೆ ಯಾಕೆ ಜಾಸ್ತಿ ಬೆಲೆ ಅಂತ ಎರಡು ಸಾಲು ಬರೆದ ಮೇಲೆ, ಆ ಬಗ್ಗೆ ಚೌಕಾಸಿ ಮಾಡುವ ಫೋನು ಕಡಿಮೆಯಾಯಿತು. ನೇಕಾರರ ದುಡಿಮೆಗೆ ಸಲ್ಲಬೇಕಾದ ಬೆಲೆ ಕೇಳಲು ನಾವು ಹಿಂಜರಿಯಬೇಕಾಗಿಲ್ಲ.

ಇಷ್ಟು ತಿಳಿದ ಮೇಲೆ ಹಳೆಯ ಸೈಟಿಗೆ ತೇಪೆ ಹಾಕುವುದು ಬೇಡ, ಹೊಸದಾಗಿ ಕಟ್ಟೋಣ ಅಂತ ತೀರ್ಮಾನವಾಯಿತು. ತಿಂಗಳ ಬಾಡಿಗೆಗೆ ಸಿಗುವ ರೆಡಿಮೇಡ್ ಅಂಗಡಿ ವ್ಯವಸ್ಥೆ ತೆಗೆದುಕೊಂಡೆವು. ಆಗ ಎದುರಾಯಿತು ಈ ಇಡೀ ಪ್ರಯಾಣದ ಅತಿ ದೊಡ್ಡ ಅಡ್ಡಿ. ಡೊಮೇನ್, ಅಂದರೆ ಸೈಟಿನ ವಿಳಾಸ, ನಮ್ಮ ಹೆಸರಿನಲ್ಲಿ ಇರಲಿಲ್ಲ!

ಹಳೆಯ ಸೈಟ್ ಕಟ್ಟಿಕೊಟ್ಟವರು ಡೊಮೇನನ್ನು ತಮ್ಮ ಇಮೇಲ್‌ನಲ್ಲಿ, ತಮ್ಮ ಖಾತೆಯಲ್ಲಿ ಕೊಂಡಿದ್ದರು. ಪ್ರತಿ ವರ್ಷ ದುಡ್ಡು ನಾವು ಕೊಡುತ್ತಿದ್ದೆವು. ಅಂಗಡಿಯ ಬೋರ್ಡು, ಚೀಲ, ಬಿಲ್ಲು, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಆ ವಿಳಾಸವೇ ಇದೆ. ಫೋನ್ ಮಾಡಿದರೆ ಎತ್ತಲಿಲ್ಲ. ಎತ್ತಿದಾಗ ನಾಳೆ, ನಾಡಿದ್ದು ಅಂದರು. ಆಮೇಲೆ "ವರ್ಗಾವಣೆ ಖರ್ಚು" ಅಂತ ಒಂದು ದೊಡ್ಡ ಮೊತ್ತ ಕೇಳಿದರು. ಮಾವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. "ಅಂಗಡಿ ಹೆಸರು ಬ್ಯಾರೆಯವರ ಕೈಯಾಗ ಐತಿ ಅಂದ್ರ ಏನ್ ಅರ್ಥವ್ವಾ?" ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಕೈ ಹಿಡಿದದ್ದು ಹಳೆಯ ಕಾಗದ. ದುಡ್ಡು ಕೊಟ್ಟ ಯುಪಿಐ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, "ಡೊಮೇನ್ ರಿನ್ಯೂವಲ್‌ಗೆ" ಅಂತ ಅವರೇ ಬರೆದಿದ್ದ ವಾಟ್ಸಾಪ್ ಮೆಸೇಜುಗಳು. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ, ವಕೀಲರೊಬ್ಬರಿಂದ ಸೌಮ್ಯವಾದ ಒಂದು ಪತ್ರ ಬರೆಸಿ ಕಳಿಸಿದೆವು. ಆಮೇಲೆ ದಾರಿಗೆ ಬಂದರು.

ಮುಂದೆ ಹೋಗುವವರಿಗೆ ಇಲ್ಲಿ ಎರಡು ಮಾತು. ಡೊಮೇನ್ ಯಾವ ಕಂಪನಿಯಲ್ಲಿ ಇದೆಯೋ ಅದೇ ಕಂಪನಿಯಲ್ಲಿ ನೀವೂ ಒಂದು ಖಾತೆ ತೆರೆದರೆ, ಅವರ ಖಾತೆಯಿಂದ ನಿಮ್ಮ ಖಾತೆಗೆ ಸರಿಸುವುದು ಸುಲಭ, ಬೇಗವೂ ಆಗುತ್ತದೆ. ಬೇರೆ ಕಂಪನಿಗೆ ಒಯ್ಯಬೇಕಾದರೆ ಡೊಮೇನಿಗೆ ಹಾಕಿದ ಲಾಕ್ ತೆಗೆಸಬೇಕು, ವರ್ಗಾವಣೆಗೆ ಬೇಕಾದ ಆಥ್ ಕೋಡ್ ಅನ್ನುವ ಗುಪ್ತ ಕೋಡ್ ಪಡೆಯಬೇಕು. ಡಾಟ್ ಕಾಮ್ ಹೆಸರಾದರೆ ಒಮ್ಮೆ ಕಂಪನಿ ಬದಲಾಯಿಸಿದ ಮೇಲೆ 60 ದಿನ ಮತ್ತೆ ಕದಲಿಸಲು ಆಗುವುದಿಲ್ಲ. ಹಬ್ಬದ ಸೀಸನ್ನಿನ ಹೊಸ್ತಿಲಲ್ಲಿ ಇದಕ್ಕೆ ಕೈ ಹಾಕಬೇಡಿ. ಇವತ್ತೇ ನಿಮ್ಮ ಡೊಮೇನ್ ಯಾರ ಇಮೇಲ್‌ನಲ್ಲಿದೆ ಅಂತ ನೋಡಿ. ಸಂಬಂಧ ಚೆನ್ನಾಗಿರುವಾಗಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಡೊಮೇನ್ ಬಂತು ಅಂತ ಉಸಿರು ಬಿಡುವಷ್ಟರಲ್ಲಿ ಸೀರೆಗಳ ವಿವರ ಹೊಸ ಸೈಟಿಗೆ ಸಾಗಿಸುವ ಕೆಲಸ ಶುರುವಾಯಿತು. ಕನ್ನಡದ ವಿವರಗಳನ್ನೆಲ್ಲ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ವ್ಯವಸ್ಥೆ ಅಲ್ಲ. ಹೊಸ ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಸೈಟಿನಲ್ಲಿ ಈ ತೊಂದರೆಯನ್ನು ಮುಚ್ಚಲು ಬರಹವನ್ನು ಚಿತ್ರ ಮಾಡಿ ಹಾಕಿದ್ದರು. ಅಂದರೆ ಗೂಗಲ್‌ಗೆ ನಮ್ಮ ಒಂದು ಕನ್ನಡ ಪದವೂ ಕಂಡಿರಲಿಲ್ಲ. ಇಷ್ಟು ವರ್ಷ ಯಾರಾದರೂ ಕನ್ನಡದಲ್ಲಿ ಇಳಕಲ್ ಸೀರೆ ಅಂತ ಹುಡುಕಿದ್ದರೆ ನಮ್ಮ ಅಂಗಡಿ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಇದು ಗೊತ್ತಾದಾಗ ಬಹಳ ಸಂಕಟವಾಯಿತು.

ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ತಪ್ಪಾಗುತ್ತದೆ. ಒಂದೊಂದು ಸಾಲನ್ನೂ ಕಣ್ಣಿಟ್ಟು ಓದಬೇಕು. ಹೆಸರುಗಳನ್ನೂ ಜನ ಹುಡುಕುವ ಹಾಗೆಲ್ಲ ಸೇರಿಸಿದೆವು. ಇಳಕಲ್ ಅಂತಲೂ ಬರೆಯುತ್ತಾರೆ, ಇಲಕಲ್ ಅಂತಲೂ ಬರೆಯುತ್ತಾರೆ. ಖಣಕ್ಕೆ ಮರಾಠಿಯವರು ಖಣ್ ಅಂತ ಹುಡುಕುತ್ತಾರೆ. ಸೈಟಿನ ಹುಡುಕು ಪೆಟ್ಟಿಗೆಯಲ್ಲಿ ಯಾವುದನ್ನು ಹಾಕಿದರೂ ಒಂದೇ ಸಾಮಾನು ಕಾಣಬೇಕು.

ಫೋಟೋಗಳ ಕೆಲಸವನ್ನು ನಾನು ತುಂಬ ಇಷ್ಟಪಟ್ಟು ಮಾಡಿದೆ. ವಾಪಸ್ ಬರುವ ಸೀರೆಗಳಲ್ಲಿ ಹೆಚ್ಚಿನವು "ಬಣ್ಣ ಬೇರೆ ಇದೆ" ಅಂತಲೇ ಬರುತ್ತಿದ್ದವು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗಿರಿ ಕುಂಕುಮದ ಕೆಂಪು ಕಿತ್ತಳೆಯಾಗಿ ಕಾಣುತ್ತದೆ. ಈಗ ಬೆಳಗ್ಗೆ ನೆರಳಿನಲ್ಲಿ, ಮಾಳಿಗೆಯ ಮೇಲೆ, ಬಿಳಿ ಗೋಡೆಗೆ ಹಿಡಿದು ತೆಗೆಯುತ್ತೇವೆ. ಮೊದಲು ಸೆರಗು, ಆಮೇಲೆ ದಡಿ ಹತ್ತಿರದಿಂದ, ಆಮೇಲೆ ಒಡಲು, ಕೊನೆಗೆ ಉಟ್ಟ ಫೋಟೋ. ಜೊತೆಗೆ ಬಟ್ಟೆಯನ್ನು ಕೈಯಲ್ಲಿ ಅಲ್ಲಾಡಿಸುವ ಕೆಲವು ಸೆಕೆಂಡುಗಳ ವಿಡಿಯೋ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಸೀರೆ ಬೆಳಕಿಗೆ ತಕ್ಕ ಹಾಗೆ ಮಿನುಗುತ್ತದೆ. ಅದನ್ನು ನಿಂತ ಫೋಟೋ ಹೇಳಲಾರದು.

ಮೊಬೈಲ್‌ನಲ್ಲಿ ತೆಗೆದ ಫೋಟೋ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಹಾಗೇ ಏರಿಸಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪಕ್ಕೆ ಬದಲಾಯಿಸಿದರೆ 150 ಕೆಬಿ ಆಸುಪಾಸು ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪುಟ ಎಷ್ಟು ಬೇಗ ತೆರೆಯುತ್ತದೆ ಅಂತ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಉಚಿತ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಅವರ ಅಳತೆ. ಮುಖಪುಟದಲ್ಲಿ ತಾನಾಗಿ ಸರಿಯುತ್ತಿದ್ದ ದೊಡ್ಡ ಬ್ಯಾನರುಗಳನ್ನು ತೆಗೆದ ಮೇಲೆ ನಾವು ಅಲ್ಲಿಗೆ ತಲುಪಿದೆವು.

ಇನ್ನು ದಾಖಲೆಗಳ ಮಾತು. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಬೇರೆ ರಾಜ್ಯಕ್ಕೆ ಕಳಿಸುವವರಿಗೆ ಸಾಮಾನ್ಯವಾಗಿ ಈ ಮಿತಿ ಅನ್ವಯಿಸುವುದಿಲ್ಲ. ಕೈಮಗ್ಗದಂಥ ಕೆಲವು ವಸ್ತುಗಳಿಗೆ ವಿನಾಯಿತಿ ಇದೆ. ನಮ್ಮಲ್ಲಿ ಪವರ್‌ಲೂಮ್ ಸೀರೆಯೂ ಇರುವುದರಿಂದ, ಗಿರಾಕಿಗಳು ಮಹಾರಾಷ್ಟ್ರದಲ್ಲಿ ಜಾಸ್ತಿ ಇರುವುದರಿಂದ ನೋಂದಣಿ ಮಾಡಿಸಿಕೊಂಡಿದ್ದೇವೆ. ಪ್ಯಾನ್, ಆಧಾರ್, ಫೋಟೋ, ಕರೆಂಟ್ ಬಿಲ್ಲು, ಮನೆ ತೆರಿಗೆ ರಸೀದಿ ಅಥವಾ ಬಾಡಿಗೆ ಕರಾರು, ಕ್ಯಾನ್ಸಲ್ ಮಾಡಿದ ಚೆಕ್ಕು ಸಾಕು. ಸರ್ಕಾರಕ್ಕೆ ಕಟ್ಟುವ ಶುಲ್ಕ ಇಲ್ಲ, ಆಡಿಟರ್ ಫೀ ಅಷ್ಟೇ. ಅಧಿಕಾರಿ ಏನಾದರೂ ಕೇಳಿ ನೋಟಿಸ್ ಕಳಿಸಿದರೆ ಏಳು ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಇಮೇಲ್ ನೋಡುತ್ತಿರಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ, ಸರ್ಕಾರದ್ದೇ ಅನ್ನಿಸುವ ನಕಲಿ ಸೈಟುಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ. ಹುಷಾರಾಗಿರಿ.

ಗಿರಾಕಿ ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡನ್ನು ನಮ್ಮ ಬ್ಯಾಂಕಿಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಮಾತ್ರ ಕಾಡಿತು. ಹೊಸ ಸೈಟಿಗೆ ಮತ್ತೆ ಪರಿಶೀಲನೆ ಆಗಬೇಕು ಅಂತ ನಮ್ಮ ದುಡ್ಡು ತಡೆದಿಟ್ಟರು. ಪ್ಯಾನ್‌ನಲ್ಲಿ ಮಾವನ ಹೆಸರಿನ ಜೊತೆ ತಂದೆಯ ಹೆಸರು ಪೂರ್ತಿ ಇದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಆಧಾರ್‌ನಲ್ಲಿ ಅಡ್ಡಹೆಸರಿನ ಸ್ಪೆಲಿಂಗೇ ಬೇರೆ. ಬ್ಯಾಂಕಿಗೆ ಪ್ಯಾನ್ ಕೊಟ್ಟು ಖಾತೆಯ ಹೆಸರು ಸರಿಪಡಿಸಿ, ಆಧಾರ್ ತಿದ್ದಿಸಿ ಬರುವವರೆಗೆ ಕಾಯಬೇಕಾಯಿತು. ಮಗ್ಗದವರಿಗೆ ವಾರಕ್ಕೊಮ್ಮೆ ಬಟವಾಡೆ ಮಾಡಬೇಕು. ಆನ್‌ಲೈನ್ ದುಡ್ಡು ಗೇಟ್‌ವೇಯಲ್ಲೇ ನಿಂತರೆ ಅಂಗಡಿಯ ಗಲ್ಲಾದಿಂದ ತೆಗೆಯಬೇಕು. ಆ ದಿನಗಳಲ್ಲಿ ಮನೆಯಲ್ಲಿ ಎಲ್ಲರ ಮುಖವೂ ಬಾಡಿತ್ತು. ಹೊಸ ಸೈಟಿಗೆ ಹೋಗುವ ಮೊದಲೇ ಮೂರೂ ಕಡೆ ಹೆಸರು ಒಂದೇ ತರ ಇದೆಯಾ ನೋಡಿಕೊಳ್ಳಿ. ಸಂಪರ್ಕ, ಸಾಗಾಣಿಕೆ, ವಾಪಸಾತಿ, ಖಾಸಗಿತನ, ನಿಯಮಗಳು ಈ ಪುಟಗಳು ಸೈಟಿನಲ್ಲಿ ಇಲ್ಲದಿದ್ದರೂ ಅರ್ಜಿ ವಾಪಸ್ ಬರುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ನೋಡಿಕೊಳ್ಳುವವರ ಹೆಸರೂ ಹಾಕಬೇಕು. ದೂರು ಬಂದ 48 ಗಂಟೆಯೊಳಗೆ ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗೇಟ್‌ವೇ ಖರ್ಚು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿ, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಬೆಲೆ ಇಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೊಳ್ಳುವ ಪುಟವನ್ನು ಈಗ ಎಷ್ಟು ಸಣ್ಣದು ಮಾಡಿದ್ದೇವೆ ಅಂದರೆ ಹೆಸರು, ಮೊಬೈಲ್, ಪಿನ್‌ಕೋಡ್, ವಿಳಾಸ ಇಷ್ಟೇ. ಖಾತೆ ಬೇಡ, ಇಮೇಲ್ ಬೇಕಿದ್ದರೆ ಕೊಡಬಹುದು. ಪಿನ್‌ಕೋಡ್ ಹಾಕಿದರೆ ಊರು ತಾನೇ ತುಂಬಿಕೊಳ್ಳುತ್ತದೆ. ಸಾಗಾಣಿಕೆ ಖರ್ಚು ಸೀರೆಯ ಬೆಲೆಯ ಕೆಳಗೇ ಕಾಣುತ್ತದೆ. "ಕೊಳ್ಳಿ" ಅನ್ನುವ ಗುಂಡಿ ಪುಟ ಎಷ್ಟು ಸರಿಸಿದರೂ ಕೆಳಗೆ ನಿಂತಿರುತ್ತದೆ. ಅಕ್ಷರ ದೊಡ್ಡದಾಗಿದೆ, ಬೂದು ಹೋಗಿ ಕಪ್ಪಾಗಿದೆ. ಪಕ್ಕದಲ್ಲಿ ವಾಟ್ಸಾಪ್ ಗುಂಡಿ. ನಮ್ಮ ಗಿರಾಕಿಗಳಲ್ಲಿ ಹಲವರಿಗೆ ಒಂದು ಮಾತು ಕೇಳದೆ ಸೀರೆ ಕೊಂಡ ಸಮಾಧಾನ ಇರುವುದಿಲ್ಲ. "ಇದರಾಗ ಹಸರ ದಡಿ ಐತೇನ್ರಿ?" ಅಂತ ಕೇಳಿ, ನಾವು ವಿಡಿಯೋ ಕಳಿಸಿ, ಆಮೇಲೆ ಅವರೇ ಸೈಟಿಗೆ ಹೋಗಿ ದುಡ್ಡು ಕಟ್ಟುತ್ತಾರೆ.

ಮನೆಗೆ ಬಂದ ಮೇಲೆ ದುಡ್ಡು ಕೊಡುವ ಸೌಲಭ್ಯದಿಂದ ನಮಗೆ ನಷ್ಟವೇ ಜಾಸ್ತಿ ಆಗುತ್ತಿತ್ತು. ಪಾರ್ಸೆಲ್ ಬಂದಾಗ ಫೋನ್ ಎತ್ತುವುದಿಲ್ಲ, ಸೀರೆ ವಾಪಸ್ ಬರುತ್ತದೆ, ಹೋದ ಬಾಡಿಗೆ, ಬಂದ ಬಾಡಿಗೆ ಎರಡೂ ನಮ್ಮ ತಲೆಗೆ. ಪೂರ್ತಿ ನಿಲ್ಲಿಸಲು ಮಾವ ಒಪ್ಪಲಿಲ್ಲ. "ಹೊಸಬರು ನಮ್ಮನ್ನ ಹೆಂಗ ನಂಬಬೇಕು?" ಅಂದರು. ಅದೂ ಸರಿ. ಈಗ ಅಂಥ ಆರ್ಡರ್‌ಗೆ ಸಾಗಾಣಿಕೆ ಖರ್ಚನ್ನು ಮಾತ್ರ ಮುಂಚೆ ಕಟ್ಟಿಸಿಕೊಳ್ಳುತ್ತೇವೆ, ಕಳಿಸುವ ಮೊದಲು ಒಂದು ಫೋನ್ ಮಾಡುತ್ತೇವೆ. ವಾಪಸ್ ಬರುವ ಪಾರ್ಸೆಲ್ ಬಹಳ ಇಳಿದಿದೆ.

ಪ್ಯಾಕಿಂಗ್‌ನಲ್ಲಿ ಹೋಗುತ್ತಿದ್ದ ದುಡ್ಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನಮ್ಮ ಚಂದದ ಡಬ್ಬಿ 30, 25, 8 ಇತ್ತು. ಲೆಕ್ಕ ಹಾಕಿದರೆ 1.2 ಕಿಲೋ. ಒಳಗಿನ ಸೀರೆ ಅದರ ಅರ್ಧವೂ ಇರುತ್ತಿರಲಿಲ್ಲ. ಎತ್ತರ 4 ಸೆಂಟಿಮೀಟರ್ ಇರುವ ಚಪ್ಪಟೆ ಡಬ್ಬಿ ಮಾಡಿಸಿದೆವು. ಈಗ 0.6 ಕಿಲೋ. ಕೊರಿಯರ್ ಹೋಗದ ಊರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇವೆ.

ಶ್ರಾವಣಕ್ಕೆ ಸರಿಯಾಗಿ ಹೊಸ ಸೈಟ್ ತೆರೆಯಿತು. ಮೊದಲ ಕೆಲವು ವಾರ ಗೂಗಲ್‌ನಿಂದ ಬರುವವರು ಕಡಿಮೆಯಾದರು, ಎದೆ ಧಸಕ್ಕೆಂದಿತು. ಹಳೆಯ ಪುಟಗಳ ವಿಳಾಸ ಒತ್ತಿದವರು ಹೊಸ ಪುಟಕ್ಕೆ ಬರುವ ಹಾಗೆ 301 ರೀಡೈರೆಕ್ಟ್ ಹಾಕಿದ್ದೆವು, ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಕೊಟ್ಟಿದ್ದೆವು. ಆದರೂ ಗೂಗಲ್ ಎಲ್ಲವನ್ನೂ ಮತ್ತೆ ಓದಲು ಸಮಯ ಬೇಕು. ಗಾಬರಿಯಾಗಿ ಮತ್ತೆ ವಿಳಾಸ ಬದಲಾಯಿಸಬೇಡಿ. ಗಣೇಶ ಚೌತಿ ಹೊತ್ತಿಗೆ ಕನ್ನಡದಲ್ಲಿ ಹುಡುಕಿದವರು ಬರಲು ಶುರುವಾದರು. ದಸರಾ, ದೀಪಾವಳಿಗೆ ಆರ್ಡರ್ ಹಿಂದಿನ ವರ್ಷಕ್ಕಿಂತ ದುಪ್ಪಟ್ಟು ದಾಟಿತು. ಜಾಹೀರಾತಿಗೆ ಹೆಚ್ಚುವರಿ ದುಡ್ಡು ಹಾಕಿರಲಿಲ್ಲ. ಪ್ಯಾಕಿಂಗ್‌ಗೆ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡೆವು.

ಖರ್ಚಿನಲ್ಲಿ ದೊಡ್ಡದು ಅಂಗಡಿ ವ್ಯವಸ್ಥೆಯ ಬಾಡಿಗೆ. ಆಮೇಲೆ ವಕೀಲರ ಫೀ, ಹೊಸ ಡಬ್ಬಿ. ಉಳಿದದ್ದೆಲ್ಲ ನಮ್ಮದೇ ದುಡಿಮೆ. ನಿಮ್ಮದೂ ಹಬ್ಬದ ವ್ಯಾಪಾರವಾಗಿದ್ದರೆ ಈ ಕೆಲಸವನ್ನು ಯುಗಾದಿ ಆದ ಕೂಡಲೇ ಹಿಡಿಯಿರಿ. ಡೊಮೇನ್ ಮತ್ತು ಹೆಸರಿನ ದಾಖಲೆಗಳನ್ನು ಎಲ್ಲಕ್ಕಿಂತ ಮೊದಲು ಮುಗಿಸಿ. ಪಂಚಮಿಗೆ ಹೆಣ್ಣುಮಕ್ಕಳಿಗೆ ಸೀರೆ ಕೊಳ್ಳುವವರು ಆಷಾಢದಲ್ಲೇ ನೋಡಲು ಶುರು ಮಾಡುತ್ತಾರೆ.